ಜೊತೆಯಲ್ಲಿ ನಡೆದವನು

1790ರ ಜುಲೈ 13ರಂದು ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಇಬ್ಬರು ತರುಣರು ಹಡಗಿನಿಂದ ಇಳಿದರು. ಇಬ್ಬರೂ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ವಿದ್ಯಾರ್ಥಿಗಳು. ಒಬ್ಬ ಉತ್ತರ ಇಂಗ್ಲೆಂಡಿನ ಸರೋವರ ಸೀಮೆಯ ವಿಲಿಯಂ ವರ್ಡ್ಸ್‌ವರ್ತ್; ಆಗ ಅವನಿಗೆ 20 ವರ್ಷ. ಇನ್ನೊಬ್ಬ ವೇಲ್ಸ್ ಪ್ರಾಂತದ ಬೆಟ್ಟಗಾಡಿನಿಂದ ಬಂದ ರಾಬರ್ಟ್ ಜೋನ್ಸ್. ಬೇಸಗೆಯ ದೀರ್ಘ ರಜೆಯಲ್ಲಿ ಫ್ರಾನ್ಸನ್ನು ಉತ್ತರದಿಂದ ದಕ್ಷಿಣಕ್ಕೆ ಹಾದು, ಆಲ್ಪ್ಸ್ ಪರ್ವತಗಳನ್ನು ದಾಟಿ, ಇಟಲಿಯ ಸರೋವರಗಳನ್ನು ಕಂಡು, ಸ್ವಿಟ್ಜರ್ಲೆಂಡಿನ ಮೂಲಕ ಹಿಂದಿರುಗಬೇಕೆಂಬುದು ಅವರ ಸಂಕಲ್ಪ. ಅದೂ ಬಹುಪಾಲು ಕಾಲ್ನಡಿಗೆಯಲ್ಲಿ.

ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ವರ್ಡ್ಸ್‌ವರ್ತ್‌ನ ಹೆಸರು ಬರುವುದು ಹೆಚ್ಚಾಗಿ ಎರಡು ಕಡೆ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಮತ್ತು ನವೋದಯದ ಹಿನ್ನೆಲೆಯನ್ನು ವಿವರಿಸುವಾಗ ಒಮ್ಮೆ. ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ, ಅನುಭವಿಸಿದ ಭಾವವನ್ನು ಮನಸ್ಸು ತಿಳಿಯಾದ ಮೇಲೆ ಮರಳಿ ನೆನೆಯುವುದೇ ಕಾವ್ಯದ ಮೂಲವೆಂಬ ಅವನ ವಿಚಾರವನ್ನು ಹೇಳುವಾಗ ಇನ್ನೊಮ್ಮೆ. ಈ ಎರಡನೆಯ ವಿಚಾರವನ್ನು ಒರೆಗೆ ಹಚ್ಚಿ ನೋಡಲು 1790ರ ಪಾದಯಾತ್ರೆಗಿಂತ ಅನುಕೂಲವಾದ ಪ್ರಸಂಗ ಬೇರೆ ಸಿಗಲಾರದು. ಏಕೆಂದರೆ ಅದೊಂದೇ ಪ್ರಯಾಣಕ್ಕೆ ಬೇರೆ ಬೇರೆ ಕಾಲದ ನಾಲ್ಕು ದಾಖಲೆಗಳಿವೆ. ದಾರಿಯಲ್ಲಿದ್ದಾಗಲೇ ತಂಗಿ ಡೊರೊಥಿಗೆ ಬರೆದ ಪತ್ರ. 1793ರಲ್ಲಿ ಅಚ್ಚಾದ ‘ಡಿಸ್ಕ್ರಿಪ್ಟಿವ್ ಸ್ಕೆಚಸ್’ ಎಂಬ ಕಾವ್ಯ. 1804ರಲ್ಲಿ ರಚನೆಯಾದ ‘ಪ್ರಿಲ್ಯೂಡ್’ ಕಾವ್ಯದ ಆರನೆಯ ಭಾಗ. ಕೊನೆಯದಾಗಿ, 1820ರಲ್ಲಿ ಅದೇ ಜಾಗವನ್ನು ಮತ್ತೆ ನೋಡಿದಾಗ ಡೊರೊಥಿ ಬರೆದ ದಿನಚರಿ. ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಕವಿಯ ನೆನಪು ಹೇಗೆ ಬೆಳೆಯಿತೆಂಬುದು ಕಾಣುತ್ತದೆ. ಅದರ ಜೊತೆಗೇ ಇನ್ನೊಂದು ಸಂಗತಿಯೂ ಕಾಣುತ್ತದೆ: ನೆನಪು ಬೆಳೆದಂತೆಲ್ಲ ಜೋನ್ಸ್ ಸಣ್ಣವನಾಗುತ್ತ ಹೋಗುತ್ತಾನೆ.

ಹೊರಟ ಸನ್ನಿವೇಶ ಹಗುರವಾದುದಾಗಿರಲಿಲ್ಲ. ವರ್ಡ್ಸ್‌ವರ್ತ್ 8ನೆಯ ವಯಸ್ಸಿಗೆ ತಾಯಿಯನ್ನೂ, 13ನೆಯ ವಯಸ್ಸಿಗೆ ತಂದೆಯನ್ನೂ ಕಳೆದುಕೊಂಡವನು. ತಂದೆಗೆ ಒಬ್ಬ ದೊಡ್ಡ ಜಮೀನುದಾರನಿಂದ ಬರಬೇಕಾಗಿದ್ದ ಹಣ ಬಂದಿರಲಿಲ್ಲ; ಐವರು ಮಕ್ಕಳೂ ಬಂಧುಗಳ ಆಶ್ರಯದಲ್ಲಿದ್ದರು. ಅದೇ ಕಾಲೇಜಿನಲ್ಲಿ ಫೆಲೊ ಆಗಿದ್ದ ಸೋದರಮಾವನೊಬ್ಬನಿಗೆ, ಹುಡುಗ ಗಣಿತದಲ್ಲಿ ಉನ್ನತ ಶ್ರೇಣಿ ಪಡೆದು ತನ್ನಂತೆಯೇ ಫೆಲೊ ಆಗಲೆಂಬ ಆಸೆ. ಅಂತಿಮ ಪರೀಕ್ಷೆ ಇದ್ದುದು 1791ರ ಜನವರಿಯಲ್ಲಿ. ಅದರ ಹಿಂದಿನ ಬೇಸಗೆಯೆಂದರೆ ಗಂಭೀರ ವಿದ್ಯಾರ್ಥಿಗಳೆಲ್ಲ ಪುಸ್ತಕ ಹಿಡಿದು ಕೂರುವ ಕಾಲ. ಆ ಬೇಸಗೆಯಲ್ಲಿ ಇವನು ಸುಮಾರು 20 ಪೌಂಡು ಹಣವನ್ನಿಟ್ಟುಕೊಂಡು ದೇಶಾಂತರ ಹೊರಟ. ಲಂಡನ್ನಿನ ಮೂಲಕವೇ ಹಾದುಹೋದರೂ ಅಲ್ಲಿದ್ದ ಅಣ್ಣ ರಿಚರ್ಡನನ್ನು ಕಾಣಲಿಲ್ಲ; ಕಂಡರೆ ಇದು ಹುಚ್ಚು, ಆಗದ ಹೋಗದ ಕೆಲಸ ಎಂದಾನು ಎಂಬ ಭಯವನ್ನು ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಪರೀಕ್ಷೆಯಲ್ಲಿ ಕೊನೆಗೆ ಅವನಿಗೆ ದೊರೆತದ್ದು ಶ್ರೇಣಿಯಿಲ್ಲದ ಬರಿಯ ಪದವಿ. ಎರಡೂವರೆ ತಿಂಗಳಿಗೂ ಮೀರಿದ ಆ ಅಲೆದಾಟಕ್ಕೆ ಅವನು ತೆತ್ತ ಬೆಲೆಯಲ್ಲಿ ಇದನ್ನೂ ಲೆಕ್ಕ ಹಿಡಿಯಬೇಕು.

ಅಂದಿನ ಯೂರೋಪ್ ಪ್ರವಾಸದ ರೂಢಿಯೂ ಇವರ ಪರವಾಗಿರಲಿಲ್ಲ. ಸಿರಿವಂತರ ಮನೆಯ ಮಕ್ಕಳು ಉಪಾಧ್ಯಾಯನೊಬ್ಬನನ್ನು ಕರೆದುಕೊಂಡು, ಕುದುರೆಗಾಡಿಯಲ್ಲಿ, ಪರಿಚಯಪತ್ರಗಳನ್ನಿಟ್ಟುಕೊಂಡು ಪ್ಯಾರಿಸ್, ರೋಮ್‌ಗಳನ್ನು ನೋಡಿ ಬರುವ ‘ಗ್ರ್ಯಾಂಡ್ ಟೂರ್’ ಒಂದು ಶತಮಾನಕ್ಕೂ ಹಳೆಯ ಪದ್ಧತಿ. ದಾರಿಯಲ್ಲಿ ನಡೆದುಹೋಗುವವರೆಂದರೆ ಕೂಲಿಯವರು, ತಿರುಗಿ ಮಾರುವ ವ್ಯಾಪಾರಿಗಳು, ಅಲೆಮಾರಿಗಳು, ರಜೆಯ ಮೇಲೆ ಊರಿಗೆ ಮರಳುವ ಸಿಪಾಯಿಗಳು. ಓದಿದ ಹುಡುಗರು ಸ್ವಇಚ್ಛೆಯಿಂದ ಆ ಸಾಲಿಗೆ ಸೇರುವುದು ನೋಡುವವರಿಗೆ ನಗೆಪಾಟಲು. ಪತ್ರದಲ್ಲಿ ಇದರ ಸೊಗಸಾದ ಚಿತ್ರವಿದೆ. ಪ್ರಯಾಣಕ್ಕೆಂದೇ ಹಗುರಾಗಿ ಹೊಲಿಸಿದ, ಒಂದೇ ಥಾನಿನ ಬಟ್ಟೆಯ ಕೋಟುಗಳು. ಕೈಯಲ್ಲಿ ಒಂದೊಂದು ಓಕ್ ಮರದ ಕೋಲು. ಸಾಮಾನಿನ ಗಂಟು ತಲೆಯ ಮೇಲೆ. ಸಂತೆಗೆ ಹೊರಟವರಂತೆ ತಲೆಯ ಮೇಲೆ ಗಂಟು ಹೊತ್ತ ಈ ಜೋಡಿಯನ್ನು ಕಂಡು ಹಳ್ಳಿಹಳ್ಳಿಯ ಜನ ಮುಗುಳ್ನಗುತ್ತಿದ್ದರಂತೆ.

ಮೂರು ವರ್ಷಗಳ ನಂತರ ‘ಡಿಸ್ಕ್ರಿಪ್ಟಿವ್ ಸ್ಕೆಚಸ್’ ಅಚ್ಚಾಯಿತು. ಅದನ್ನು ಕವಿ ಜೋನ್ಸ್‌ಗೆ ಅರ್ಪಿಸಿದ್ದಾನೆ. ಅರ್ಪಣೆಯ ಮಾತಿನಲ್ಲಿ, ಬಾಡಿಗೆಯ ಗಾಡಿಯಲ್ಲಿ ಒರಗಿ ಕುಳಿತು ಸಾಗುವ ಇಬ್ಬರಿಗೂ, ಪಕ್ಕಪಕ್ಕದಲ್ಲಿ ಮೆಲ್ಲನೆ ಹೆಜ್ಜೆ ಹಾಕುವ ಇಬ್ಬರಿಗೂ ಇರುವ ಅಂತರವನ್ನು ಹೇಳಿ, ಎರಡನೆಯ ಬಗೆಯವರ ನಡುವೆ ಹೃದಯದ ನಂಟು ಎಷ್ಟೋ ಮಿಗಿಲೆಂದು ಮೆಚ್ಚಿಕೊಳ್ಳುತ್ತಾನೆ. ಆದರೆ ಇಲ್ಲಿ ಗಂಟು ತಲೆಯಿಂದ ಇಳಿದಿದೆ. ಇಬ್ಬರ ಹೆಗಲ ಮೇಲೂ ಒಂದೊಂದು ಪುಟ್ಟ ಚೀಲವಿದೆ. ಎರಡು ಬಗೆಯಲ್ಲೂ ಹೊತ್ತಿರಬಹುದು, ಸಾಧ್ಯವಿಲ್ಲವೆಂದಲ್ಲ. ಆದರೂ ತಂಗಿಯನ್ನು ನಗಿಸಲು ಬರೆದ ಪತ್ರದಲ್ಲಿ ಉಳಿದ ತಲೆಯ ಗಂಟು, ಅಪರಿಚಿತ ಓದುಗರ ಮುಂದಿಡುವ ಪುಸ್ತಕದಲ್ಲಿ ಉಳಿಯಲಿಲ್ಲ. ಪ್ರವಾಸಕಥನವನ್ನು ಆಕರವಾಗಿ ಬಳಸುವವರು ಇಂಥ ಸಣ್ಣ ಪಾಠಾಂತರಗಳ ಎದುರು ಒಂದು ಕ್ಷಣ ನಿಲ್ಲಬೇಕು.

ಇದಕ್ಕಿಂತ ದೊಡ್ಡ ವ್ಯತ್ಯಾಸವೊಂದು ಅದೇ ಪುಸ್ತಕದೊಳಗೇ ಇದೆ. ಅರ್ಪಣೆಯಲ್ಲಿ ಇಬ್ಬರು ನಡೆಯುತ್ತಾರೆ. ಹಾಳೆ ತಿರುವಿ ಕಾವ್ಯಕ್ಕೆ ಬಂದರೆ ಅಲ್ಲಿ ನಡೆಯುವವನು ಒಬ್ಬನೇ. ಏಕಾಕಿ, ವಿಷಣ್ಣ, ಮನಸ್ಸಿನ ನೋವನ್ನು ಮರೆಯಲು ಪರ್ವತಗಳಿಗೆ ಬಂದವನು. ಹದಿನೆಂಟನೆಯ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯಕ್ಕೆ ಇಂಥ ಒಂಟಿ ನಾಯಕ ಬೇಕಾಗಿದ್ದ. ಒಂದೇ ಥಾನಿನ ಕೋಟು ತೊಟ್ಟು ನಗುತ್ತ ನಡೆಯುವ ಇಬ್ಬರು ಹುಡುಗರಿಗೆ ಆ ಛಂದಸ್ಸಿನಲ್ಲಿ ಎಡೆಯಿರಲಿಲ್ಲ. ಕಣ್ಣಾರೆ ಕಂಡದ್ದರ ಜೊತೆಗೆ ಪುಸ್ತಕದಿಂದ ಬಂದದ್ದೂ ಅಲ್ಲಿದೆ: ವಿಲಿಯಂ ಕಾಕ್ಸ್‌ನ ಸ್ವಿಟ್ಜರ್ಲೆಂಡ್ ಪತ್ರಗಳನ್ನು ಫ್ರೆಂಚಿಗೆ ತಂದ ರಮೋನ್ ಸೇರಿಸಿದ ಟಿಪ್ಪಣಿಗಳಿಗೆ ತಾನು ಋಣಿಯೆಂದು ಕವಿ ಅಡಿಟಿಪ್ಪಣಿಗಳಲ್ಲಿ ಒಪ್ಪಿಕೊಂಡಿದ್ದಾನೆ.

ಈಗ ಮತ್ತೆ ದಾರಿಗೆ ಬರಬಹುದು. ಅವರು ಕ್ಯಾಲೆಯಲ್ಲಿ ಇಳಿದ ಮರುದಿನವೇ, ಎಂದರೆ ಬ್ಯಾಸ್ಟೀಲ್ ಪತನದ ಮೊದಲ ವಾರ್ಷಿಕ ದಿನದಂದು, ಪ್ಯಾರಿಸ್ಸಿನಲ್ಲಿ ಒಕ್ಕೂಟದ ಮಹೋತ್ಸವ. ದೊರೆ ಹದಿನಾರನೆಯ ಲೂಯಿ ರಾಷ್ಟ್ರಕ್ಕೂ ಕಾನೂನಿಗೂ ನಿಷ್ಠನಾಗಿರುವುದಾಗಿ ಜನಸ್ತೋಮದ ಎದುರು ಪ್ರಮಾಣ ಮಾಡಿದ ದಿನ. ಇಬ್ಬರು ಗೆಳೆಯರು ಪ್ಯಾರಿಸ್ಸಿಗೆ ಹೋಗಲೇ ಇಲ್ಲ. ಹಳ್ಳಿ, ಸಣ್ಣ ಪಟ್ಟಣಗಳ ದಾರಿ ಹಿಡಿದು, ಹಸುರು ತೋರಣಗಳ ಕೆಳಗೆ ಹಾದು ದಕ್ಷಿಣಕ್ಕೆ ನಡೆದರು. ಶಾಲೋನ್‌ನಿಂದ ಲಿಯೋನ್‌ಗೆ ಸೋನ್ ನದಿಯಲ್ಲಿ ದೋಣಿ ಹತ್ತಿದಾಗ ಅದರ ತುಂಬ ಪ್ಯಾರಿಸ್ಸಿನ ಉತ್ಸವದಿಂದ ಊರಿಗೆ ಮರಳುತ್ತಿದ್ದ ಪ್ರತಿನಿಧಿಗಳು. ಇಂಗ್ಲೆಂಡಿನವರೆಂದು ತಿಳಿದೊಡನೆ, ಸ್ವಾತಂತ್ರ್ಯದಲ್ಲಿ ತಮಗಿಂತ ಮುಂದೆ ಹೋದ ನಾಡಿನವರೆಂದು ಅವರು ಇವರನ್ನು ಉಪಚರಿಸಿದರು. ಊಟ, ಕುಣಿತ, ಗದ್ದಲ. ಚರಿತ್ರೆಯ ಅಷ್ಟು ದೊಡ್ಡ ಘಟನೆ ಪಕ್ಕದಲ್ಲೇ ಸರಿದುಹೋಗುತ್ತಿದ್ದಾಗ ತಾನು ಅದನ್ನು ಹೊರಗಿನವನಂತೆ ನೋಡಿದೆನೆಂದು ಕವಿ ಆಮೇಲೆ ಹೇಳಿಕೊಂಡದ್ದು ಪ್ರಾಮಾಣಿಕವಾದ ಮಾತು. 20ರ ಹುಡುಗನ ಕಣ್ಣು ಪರ್ವತಗಳ ಮೇಲಿತ್ತು.

ಆಗಸ್ಟ್ ಮೊದಲ ವಾರದಲ್ಲಿ ಅವರು ಗ್ರಾಂಡ್ ಶಾರ್ತ್ರೂಸ್ ಮಠವನ್ನು ತಲುಪಿದರು. 1084ರಲ್ಲಿ ಬ್ರೂನೊ ಎಂಬ ಯತಿ ಗುಡ್ಡಗಳ ನಡುವಿನ ಏಕಾಂತದಲ್ಲಿ ನೆಲೆನಿಂತ ಜಾಗವದು. ಕಾರ್ಥೂಸಿಯನ್ ಯತಿಗಳು ಮೌನಕ್ಕೂ, ಒಬ್ಬೊಬ್ಬರಿಗೂ ಬೇರೆಯಾದ ಕುಟೀರದ ವಾಸಕ್ಕೂ ಹೆಸರಾದವರು. ಎರಡು ದಿನ ಗೆಳೆಯರು ಅಲ್ಲಿ ಉಳಿದರು. ಈ ಮಠದ ವಿಷಯದಲ್ಲಿ ಕವಿಯ ನೆನಪು ಆಡಿದ ಆಟ ಕುತೂಹಲಕರ. ‘ಪ್ರಿಲ್ಯೂಡ್’ನ ಕೊನೆಯ ಪರಿಷ್ಕರಣದಲ್ಲಿ, ಮಠವಾಸಿಗಳನ್ನು ಹೊರದೂಡಲು ಆಯುಧಪಾಣಿಗಳು ಬಂದುದನ್ನು ತಾವು ಕಂಡಂತೆ ಚಿತ್ರಿಸಿದ್ದಾನೆ. ಧಾರ್ಮಿಕ ಸಂಘಗಳನ್ನು ರದ್ದುಗೊಳಿಸುವ ಶಾಸನವೇನೋ 1790ರ ಫೆಬ್ರವರಿಯಲ್ಲೇ ಬಂದಿತ್ತು. ಆದರೆ ಯತಿಗಳು ಅಲ್ಲಿಂದ ಹೊರಬಿದ್ದದ್ದು 1792ರಲ್ಲಿ. ನಂತರ ಕೇಳಿದ ಸುದ್ದಿ, ಅದರಿಂದಾದ ಸಂಕಟ, ಮೊದಲು ಕಂಡ ದೃಶ್ಯದೊಳಗೆ ಇಳಿದು ಕಂಡದ್ದೇ ಆಗಿಹೋಗಿದೆ ಎಂದು ತೋರುತ್ತದೆ. ಇದನ್ನು ಸುಳ್ಳೆಂದು ಕರೆಯುವುದು ಅವಸರದ ತೀರ್ಮಾನ. ಆದರೆ ಚರಿತ್ರೆಯ ವಿದ್ಯಾರ್ಥಿ ಅದನ್ನು ಪ್ರತ್ಯಕ್ಷದರ್ಶಿಯ ಹೇಳಿಕೆಯೆಂದು ಎತ್ತಿ ಬರೆದರೆ ಅದು ತಪ್ಪೇ.

ಇಲ್ಲಿ ಜೈನ ಮುನಿಧರ್ಮದ ಒಂದು ವಿಧಿ ನೆನಪಾಗುತ್ತದೆ. ವಿಹಾರವೆಂದರೆ ಕಾಲ್ನಡಿಗೆಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ‘ಮೂಲಾಚಾರ’ ಏಕಲವಿಹಾರವನ್ನು, ಎಂದರೆ ಒಬ್ಬಂಟಿ ಸಂಚಾರವನ್ನು, ಎಲ್ಲರಿಗೂ ಅನುಮತಿಸುವುದಿಲ್ಲ. ತಪಸ್ಸು, ಶ್ರುತ, ಧೈರ್ಯಗಳಲ್ಲಿ ಪಕ್ವರಾದವರಿಗೆ ಮಾತ್ರ ಅದು ಸಲ್ಲುತ್ತದೆ. ಉಳಿದವರು ಜೊತೆಯಲ್ಲೇ ನಡೆಯಬೇಕು. ಜೊತೆಗಾರನಿಂದ ದಾರಿಯ ಅಪಾಯ ತಪ್ಪುತ್ತದೆ. ನಡೆದವನ ನಡತೆಗೆ ಅವನು ಸಾಕ್ಷಿಯೂ ಆಗುತ್ತಾನೆ. ಕೇಂಬ್ರಿಜ್‌ನ ಹುಡುಗರಿಗೂ ಮುನಿಸಂಘಕ್ಕೂ ಹೋಲಿಕೆ ತರುವುದು ಇಲ್ಲಿಯ ಉದ್ದೇಶವಲ್ಲ. ಸಾಕ್ಷಿಯೆಂಬ ಮಾತಷ್ಟೇ ಇಲ್ಲಿ ಬೇಕಾದದ್ದು. ಶಾರ್ತ್ರೂಸ್‌ನಲ್ಲಿ ಆ ಎರಡು ದಿನ ಕಂಡದ್ದೇನೆಂದು ಹೇಳಬಲ್ಲ ಎರಡನೆಯ ಕಣ್ಣು ಒಂದಿತ್ತು. ಕಾವ್ಯ ಅದನ್ನು ಕೇಳಲಿಲ್ಲ.

ಜಿನೀವಾ ಸರೋವರದ ದಂಡೆ ಹಿಡಿದು ಮಾರ್ಟಿನಿ, ಅಲ್ಲಿಂದ ಶಾಮೊನಿ. ಮೊಂಬ್ಲಾಂ ಶಿಖರವನ್ನು ಕಣ್ಣಾರೆ ಕಂಡಾಗ ಅವರಿಗಾದದ್ದು ನಿರಾಸೆ: ಮನಸ್ಸಿನಲ್ಲಿ ಜೀವಂತವಾಗಿದ್ದ ಚಿತ್ರದ ಜಾಗವನ್ನು ಜೀವವಿಲ್ಲದ ಬಿಂಬವೊಂದು ಆಕ್ರಮಿಸಿತೆಂದು ಕವಿ ಕೊರಗುತ್ತಾನೆ. ಆಗಸ್ಟ್ 17ರಂದು ಸಿಂಪ್ಲಾನ್ ಘಾಟಿಯಲ್ಲಿ ನಡೆದದ್ದು ಇದಕ್ಕಿಂತ ಪ್ರಸಿದ್ಧ. ಬ್ರಿಗ್ ಊರಿನಿಂದ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೊರಟ ತಂಡವೊಂದರ ಹಿಂದೆ ಇವರೂ ಏರಿದರು. ಮಧ್ಯಾಹ್ನದ ಊಟಕ್ಕೆ ಕುಳಿತಾಗ ತಂಡದವರು ಬೇಗನೆ ಮುಗಿಸಿ ಮುಂದೆ ಹೋದರು. ಇವರು ಸ್ವಲ್ಪ ತಡಮಾಡಿದರು. ಆಮೇಲೆ ಹಿಂಬಾಲಿಸಿದ ದಾರಿ ಒಂದು ತೊರೆಗೆ ಇಳಿಯಿತು. ತೊರೆಯ ಆಚೆ ಎತ್ತರದ ಗುಡ್ಡವನ್ನು ಏರುವ ಕಾಲುದಾರಿಯೊಂದು ಕಂಡಿತು. ಆಲ್ಪ್ಸ್ ದಾಟುವುದೆಂದರೆ ಏರುವುದೇ ಅಲ್ಲವೆ? ಅವರು ಏರಿದರು. ಎಷ್ಟು ಏರಿದರೂ ಮುಂದೆ ಹೋದವರು ಸಿಗಲಿಲ್ಲ. ಕೊನೆಗೆ ಎದುರಾದ ರೈತನೊಬ್ಬ, ನೀವು ಹಿಂದಿರುಗಿ ತೊರೆಯ ಬಳಿಗೆ ಹೋಗಬೇಕು, ಅಲ್ಲಿಂದ ನೀರು ಹರಿಯುವ ದಿಕ್ಕಿನಲ್ಲಿ ಇಳಿಯುವುದೇ ದಾರಿ ಎಂದ. ನಂಬಲಾರದೆ ಮತ್ತೆ ಮತ್ತೆ ಕೇಳಿದರು. ಎಲ್ಲ ಉತ್ತರಗಳ ತಾತ್ಪರ್ಯ ಒಂದೇ: ಅವರು ಆಗಲೇ ಆಲ್ಪ್ಸ್ ದಾಟಿಯಾಗಿತ್ತು.

ತಿಂಗಳೊಳಗೆ ಬರೆದ ಪತ್ರದಲ್ಲಿ ಈ ದಾರಿತಪ್ಪಿದ ಕಥೆ ಇಲ್ಲ. ಸಿಂಪ್ಲಾನ್ ಮೂಲಕ ದಾಟಿದೆವು, ಅಲ್ಲಿಯ ಮೂರು ಗಂಟೆಗಳ ನಡಿಗೆ ಎಂದಿಗೂ ಅಳಿಸಿಹೋಗದು ಎಂಬಷ್ಟೇ ಇದೆ. ದಾಟಿದ ಅರಿವೇ ಇಲ್ಲದೆ ದಾಟಿಹೋದ ಆ ಪೆಚ್ಚುತನ ಕಾವ್ಯವಾಗಲು 14 ವರ್ಷ ಬೇಕಾಯಿತು. 1804ರಲ್ಲಿ ಆ ಸಾಲುಗಳನ್ನು ಬರೆಯುತ್ತಿದ್ದಾಗ ಕವಿ ಥಟ್ಟನೆ ಕಥೆಯನ್ನು ನಿಲ್ಲಿಸಿ, ತನ್ನ ಕಲ್ಪನಾಶಕ್ತಿಯನ್ನೇ ಎದುರಿಗೆ ಕಂಡವನಂತೆ ಸಂಬೋಧಿಸುತ್ತಾನೆ. ಇಂಗ್ಲಿಷ್ ರೊಮ್ಯಾಂಟಿಕ್ ಕಾವ್ಯದಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ಭಾಗಗಳಲ್ಲಿ ಅದೊಂದು. ವಿಮರ್ಶಕರು ಅದರ ತತ್ತ್ವವನ್ನು ಕುರಿತು ಸಾಕಷ್ಟು ಹೇಳಿದ್ದಾರೆ. ಇಲ್ಲಿ ಸರ್ವನಾಮದ ಕಡೆಗೆ ಮಾತ್ರ ಬೆರಳು ಮಾಡಬಹುದು. ಊಟ ಮಾಡಿದವರು ‘ನಾವು’. ತೊರೆ ದಾಟಿದವರು ‘ನಾವು’. ರೈತನನ್ನು ಕೇಳಿದವರೂ, ಆಲ್ಪ್ಸ್ ದಾಟಿದವರೂ ‘ನಾವು’. ಕಲ್ಪನೆ ಮಂಜಿನಂತೆ ಮೇಲೆದ್ದು ಆವರಿಸಿಕೊಂಡಾಗ ಅದರಲ್ಲಿ ಕಳೆದುಹೋದವನು ‘ನಾನು’. ಜೋನ್ಸ್ ಆ ಕ್ಷಣದಲ್ಲಿ ಪುಟದಿಂದ ಇಳಿದುಹೋಗುತ್ತಾನೆ. ಮತ್ತೆ ಕಂದರದ ಕಡೆಗೆ ಇಳಿಯತೊಡಗಿದಾಗ ‘ನಾವು’ ಹಿಂದಿರುಗುತ್ತದೆ. ಎಡವಿದ್ದು ಜಂಟಿ, ದರ್ಶನ ಖಾಸಗಿ.

ಆ ಭಾಗದಲ್ಲಿ ಜೋನ್ಸ್‌ನ ಹೆಸರೂ ಇಲ್ಲ. ಸಹಪಾಠಿ, ತನ್ನಂತೆಯೇ ಬೆಟ್ಟದ ನಾಡಿನವನು ಎಂಬ ಪರಿಚಯವಷ್ಟೆ. ಆದರೆ ಕಾವ್ಯದುದ್ದಕ್ಕೂ ‘ಮಿತ್ರಾ’ ಎಂಬ ಕರೆ ಮೊಳಗುತ್ತಲೇ ಇದೆ. ಆ ಮಿತ್ರ ಕೋಲ್‌ರಿಜ್; 1790ರಲ್ಲಿ ವರ್ಡ್ಸ್‌ವರ್ತ್ ಅವನನ್ನು ಕಂಡೇ ಇರಲಿಲ್ಲ. ನಡೆದ ಗೆಳೆಯನ ಕಥೆಯನ್ನು ನಡೆಯದ ಗೆಳೆಯನಿಗೆ ಹೇಳಿದಂತಾಯಿತು. ಪತ್ರವೂ ಹೀಗೆಯೇ: ಚೆಲುವಾದ ನೋಟ ಕಂಡಾಗಲೆಲ್ಲ ನೀನು ಇಲ್ಲಿರಬಾರದಿತ್ತೆ ಎಂದು ತಂಗಿಗೆ ಬರೆಯುತ್ತಾನೆ, ಆ ನೋಟವನ್ನು ನಿಜವಾಗಿ ಹಂಚಿಕೊಳ್ಳುತ್ತಿದ್ದವನು ಪಕ್ಕದಲ್ಲೇ ನಿಂತಿದ್ದ. ಬಹುಶಃ ಜೊತೆಗಾರನ ಪಾಡೇ ಅದು. ಇಲ್ಲದವರಿಗೆ ಪತ್ರ ಬರೆಯುತ್ತೇವೆ, ಇರುವವನೊಂದಿಗೆ ರೊಟ್ಟಿ ಹಂಚಿಕೊಳ್ಳುತ್ತೇವೆ, ರೊಟ್ಟಿಗೆ ದಾಖಲೆಯಿರುವುದಿಲ್ಲ.

ಉಳಿದ ಪಯಣದ ಬಗ್ಗೆ ‘ಪ್ರಿಲ್ಯೂಡ್’ ಕಡಮೆ ಹೇಳುತ್ತದೆ. ಕೋಮೊ ಸರೋವರದ ದಂಡೆಯ ಗ್ರಾವೆಡೋನಾದಲ್ಲಿ ಇಟಲಿಯ ಗಡಿಯಾರದ ಗಂಟೆಯ ಲೆಕ್ಕ ತಿಳಿಯದೆ ನಡುರಾತ್ರಿಯನ್ನೇ ನಸುಕೆಂದು ಎಣಿಸಿ ಎದ್ದು ಹೊರಟು, ಬೆಳುದಿಂಗಳಲ್ಲಿ ಕಾಡುಪಾಲಾಗಿ, ಬಂಡೆಯ ಮೇಲೆ ಕುಳಿತು ಬೆಳಗಿಗಾಗಿ ಕಾದ ಪ್ರಸಂಗವೊಂದಿದೆ. ಸೊಳ್ಳೆ ಹುಳಗಳ ಕಾಟ, ಕತ್ತಲೆಯ ಭಯ, ಅರ್ಥವಾಗದ ಸದ್ದುಗಳು. ಇಡೀ ಯಾತ್ರೆಯಲ್ಲಿ ಇಬ್ಬರೂ ನಿಜಕ್ಕೂ ಒಟ್ಟಿಗೆ ಇರುವುದು ಇಲ್ಲೇ ಎನಿಸುತ್ತದೆ. ಸ್ವಿಟ್ಜರ್ಲೆಂಡನ್ನು ಸುತ್ತಿ ಬಾಸೆಲ್ ತಲುಪಿದ ಮೇಲೆ ಒಂದು ಪುಟ್ಟ ದೋಣಿಯನ್ನು ಕೊಂಡು ರೈನ್ ನದಿಯಲ್ಲಿ ಕಲೋನ್‌ವರೆಗೆ ತೇಲಿಕೊಂಡು ಬಂದರು. ಇಷ್ಟು ದಿನ ನಡೆದು ಸವೆದ ಕಾಲಿಗೆ ಅದು ಎಂಥ ಸುಖವೋ! ಕವಿಯ ಮಟ್ಟಿಗೆ ಅದು ಕಾವ್ಯಕ್ಕೆ ದಕ್ಕಲಿಲ್ಲ. ದಂಗೆಯೆದ್ದಿದ್ದ ಬೆಲ್ಜಿಯಂ ಸೀಮೆಯನ್ನು ಹಾದು, ಅಕ್ಟೋಬರಿನಲ್ಲಿ ಊರಿಗೆ ಮರಳಿದರು.

ಜೋನ್ಸ್‌ನನ್ನು ವರ್ಡ್ಸ್‌ವರ್ತ್ ಮರೆತನೆಂದು ತೀರ್ಪು ಕೊಟ್ಟರೆ ಅನ್ಯಾಯವಾದೀತು. 1791ರಲ್ಲಿ ವೇಲ್ಸಿನ ಅವನ ಮನೆಯಲ್ಲಿ ವಾರಗಟ್ಟಲೆ ಉಳಿದ. ಇಬ್ಬರೂ ರಾತ್ರಿಯಲ್ಲಿ ಸ್ನೋಡನ್ ಬೆಟ್ಟವನ್ನು ಹತ್ತಿದರು. ‘ಪ್ರಿಲ್ಯೂಡ್’ನ ಕೊನೆಯ ಭಾಗ ತೆರೆಯುವುದು ಅದೇ ಆರೋಹಣದಿಂದ. ಅಲ್ಲೂ ಜೋನ್ಸ್ ಹೆಸರಿಲ್ಲದ ತರುಣ ಮಿತ್ರ. ಅಲ್ಲೂ ಮಂಜಿನ ಮೇಲೆ ಚಂದ್ರ ಹೊಳೆದಾಗ ನೋಡುವವನು ಒಬ್ಬನೇ. ಆದರೆ 1802ರ ಆಗಸ್ಟಿನಲ್ಲಿ ಕ್ಯಾಲೆಗೆ ಮತ್ತೆ ಹೋದಾಗ, ಹಿಂದೆ ಇಬ್ಬರೂ ನಡೆದಿದ್ದ ಆರ್ದ್ರ್ ಊರಿನ ದಾರಿಯಲ್ಲಿ ಬರೆದ ಸುನೀತದಲ್ಲಿ ಗೆಳೆಯನನ್ನು ಹೆಸರು ಹಿಡಿದೇ ಕರೆಯುತ್ತಾನೆ. 12 ವರ್ಷಗಳ ಹಿಂದಿನ ಸಡಗರ ಸತ್ತುಹೋಗಿ ನೆಪೋಲಿಯನ್ನನ ಆಳ್ವಿಕೆ ಬಂದಿದ್ದ ಕಾಲ. ಆಸೆ ಬತ್ತಿದ ಆ ದಾರಿಯಲ್ಲಿ ಕವಿಗೆ ಬೇಕಾದದ್ದು, ಅದು ತುಂಬಿ ಹರಿಯುತ್ತಿದ್ದುದನ್ನು ಕಂಡಿದ್ದ ಇನ್ನೊಬ್ಬ. ದರ್ಶನಕ್ಕೆ ಬೇಡವಾಗಿದ್ದ ಸಾಕ್ಷಿ ನಷ್ಟದ ಹೊತ್ತಿಗೆ ಬೇಕಾದ. ಹದಿನಾಲ್ಕೇ ಸಾಲಿನ ಈ ಕವಿತೆಗೆ ವಿದ್ಯಾರ್ಥಿಗಳು ಕೊಡುವ ಗಮನ ತೀರ ಕಡಮೆ.

1820ರ ಸೆಪ್ಟೆಂಬರಿನಲ್ಲಿ 50ರ ವರ್ಡ್ಸ್‌ವರ್ತ್ ಇಟಲಿಯ ಕಡೆಯಿಂದ ಸಿಂಪ್ಲಾನ್ ಘಾಟಿಯನ್ನು ಮತ್ತೆ ಏರಿದ. ಈ ಬಾರಿ ಜೊತೆಯಲ್ಲಿ ಹೆಂಡತಿ ಮೇರಿ, ತಂಗಿ ಡೊರೊಥಿ, ಇನ್ನೂ ಕೆಲವರು. ನೆಪೋಲಿಯನ್ ಮಾಡಿಸಿದ ಅಗಲವಾದ ರಸ್ತೆ ಬಂದಿತ್ತು. ದಾರಿ ತಪ್ಪುವ ಭಯವಿರಲಿಲ್ಲ. ಆದರೂ ಅವನು ಆ ಹಳೆಯ ಕಾಲುದಾರಿಯನ್ನು ಹುಡುಕಿದ, ತೊರೆಯ ಆಚೆ ಗುಡ್ಡವನ್ನೇರಿ ಹೋಗುತ್ತಿದ್ದ, ತಮ್ಮನ್ನು ಮೋಸಗೊಳಿಸಿದ ಅದೇ ದಾರಿಯನ್ನು. ಕಂಡ ಮೇಲೆ ಉಳಿದವರಿಗೆ ತೋರಿಸಲೆಂದು ಕಾದು ನಿಂತ. ಅದು ಅವನನ್ನು ಎಷ್ಟು ಕಲಕಿತೆಂದು ಹೇಳಲಾರೆನೆಂದು ಡೊರೊಥಿ ದಿನಚರಿಯಲ್ಲಿ ಬರೆಯುತ್ತಾಳೆ; ತಾರುಣ್ಯದ ಆ ದಿನ ನಿನ್ನೆಯದೆಂಬಂತೆ ಮರಳಿತೆಂದೂ, ನಡುವಣ 30 ವರ್ಷಗಳು ಮಸುಕಾಗಿ ತೋರಿದವೆಂದೂ ಆಕೆಯ ಮಾತು. ನೀನಿಲ್ಲಿ ಇರಬೇಕಾಗಿತ್ತೆಂದು 1790ರಲ್ಲಿ ಯಾರಿಗೆ ಬರೆದಿದ್ದನೋ ಅವಳು ಈಗ ಪಕ್ಕದಲ್ಲಿದ್ದಳು. ಜೋನ್ಸ್ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದ. ಆ ಕಾಲುದಾರಿಯನ್ನು ಕಂಡು ಇದೇ ಅದು ಎಂದು ಹೇಳಬಲ್ಲ ಎರಡನೆಯ ಮನುಷ್ಯ ಲೋಕದಲ್ಲಿ ಅವನೊಬ್ಬನೇ.

ಜೋನ್ಸ್ 1835ರಲ್ಲಿ ತೀರಿಕೊಂಡ. ‘ಪ್ರಿಲ್ಯೂಡ್’ ಅಚ್ಚಾದದ್ದು ಕವಿಯೂ ಹೋದ ಮೇಲೆ, 1850ರ ಬೇಸಗೆಯಲ್ಲಿ.